ಸೀಮೆ ದಾಟಿಸಿದ ಹೆಬ್ಬಾತು

ಕರಬಸಪ್ಪ ಗೌಡರು ಸವಣೂರು ಕಡೆಯಿಂದ ನಾಲ್ಕು ಬಿಳಿ ಹೆಬ್ಬಾತುಗಳನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದ ದಿನ ಮೇಲಿನಕೊಪ್ಪದ ಅರ್ಧ ಊರು ರಸ್ತೆಗೆ ಬಂದು ನಿಂತಿತ್ತು. ಅನ್ನವ್ವ ಮಾತ್ರ ಬರಲಿಲ್ಲ. ಅವಳು ಹಿತ್ತಲಲ್ಲಿ ತನ್ನ ಬಾತುಕೋಳಿಗಳಿಗೆ ನುಚ್ಚು ಕಲಸುತ್ತಿದ್ದಳು. ಬೇಲಿಯ ಸಂದಿಯಿಂದ ಒಂದು ಸಲ ಕಣ್ಣು ಹಾಯಿಸಿ ಸೊಸೆ ಜಯಾಳಿಗೆ ಹೇಳಿದಳು.

"ಕುತ್ತಿಗಿ ಉದ್ದ ಇದ್ದಷ್ಟೂ ತಲಿ ಸಣ್ಣದು ನೋಡು."

"ಯಾರ್ದ್ರೀ ಅತ್ತಿ? ಬಾತಿಂದೋ, ಗೌಡ್ರದೋ?"

"ಎರಡೂ ಒಂದಽ ಟೆಂಪೋದಾಗ ಬಂದಾವಲ್ಲ."

ಗೌಡರು ಹೊಸದಾಗಿ ಮಹಡಿ ಮನೆ ಕಟ್ಟಿಸಿ, ಮುಂದೆ ಒಂದು ನೀಲಿ ಬಣ್ಣದ ಸಿಮೆಂಟು ತೊಟ್ಟಿ ಮಾಡಿಸಿದ್ದರು. ತೊಟ್ಟಿಯಲ್ಲಿ ಏನಾದರೂ ಬಿಳಿಯದು ತೇಲಬೇಕೆಂದು ಅವರಿಗೆ ಯಾರೋ ಹೇಳಿದ್ದರು. ಅವರು ಅವನ್ನು ಬಾತು ಎನ್ನುತ್ತಿರಲಿಲ್ಲ, 'ಹಂಸ' ಎನ್ನುತ್ತಿದ್ದರು. ಬೇರೆ ಯಾರಾದರೂ ಬಾತು ಎಂದರೆ ತಿದ್ದುತ್ತಿದ್ದರು. ಆದರೆ ತೊಟ್ಟಿಯಲ್ಲಿ ತೇಲಿದರೆ ಎಷ್ಟು ಜನ ನೋಡಿಯಾರು? ಎರಡೇ ದಿನಕ್ಕೆ ಅವನ್ನು ಊರ ಕೆರೆಗೆ ಇಳಿಸಿ, ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು.

ಹಾನಗಲ್ಲ ತಾಲೂಕಿನ ತಿಳವಳ್ಳಿಯಿಂದ ಮೂರು ಮೈಲಿ ಒಳಗೆ ಈ ಕೊಪ್ಪಗಳು ಎರಡಿವೆ. ಮೇಲಿನಕೊಪ್ಪದ ಕೆರೆ ತುಂಬಿ ಚೆಲ್ಲಿದ ನೀರು ಹಳ್ಳವಾಗಿ ಹರಿದು ಕೆಳಗಿನಕೊಪ್ಪದ ಕೆರೆಗೆ ಸೇರುತ್ತದೆ. ಎರಡೂ ಊರಿನವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಆಗುವುದಿಲ್ಲ, ಹೆಣ್ಣು ಕೊಟ್ಟು ತರುವುದು ಮಾತ್ರ ನಿಂತಿಲ್ಲ.

ಅನ್ನವ್ವ ಅಂಬಿಗೇರರ ಮನೆಯವಳು, ತವರು ಹಿರೇಕೆರೂರು ಕಡೆ. ಮದುವೆಯಾಗಿ ಬಂದ ನಾಲ್ಕನೆಯ ವರ್ಷ, ಭತ್ತ ಕೊಯ್ದ ಗದ್ದೆಗಳಿಗೆ ಆಂಧ್ರದ ಕಡೆಯ ಬಾತು ಮೇಯಿಸುವವರು ಬಂದು ಗುಡಾರ ಹಾಕಿದ್ದರು. ಅವರಲ್ಲೊಬ್ಬ ಹೆಂಗಸಿಗೆ ನಡುಮಧ್ಯಾಹ್ನ ಬದುವಿನ ಮೇಲೆಯೇ ಹೆರಿಗೆ ನೋವು ಬಂತು. ಊರಿನ ಹೆಂಗಸರು ದೂರ ನಿಂತು, ಯಾವ ಜಾತಿಯವಳೋ ಏನೋ ಎಂದು ವಿಚಾರ ಮಾಡುತ್ತಿದ್ದರು. ಅನ್ನವ್ವ ಒಂದು ಹಳೆಯ ಸೀರೆಯನ್ನು ಅಡ್ಡ ಕಟ್ಟಿ, ಬಿಸಿನೀರು ಕಾಸಿ, ಕೂಸನ್ನು ಕೈಗೆ ತೆಗೆದುಕೊಂಡಳು. ಗುಡಾರ ಕೀಳುವ ದಿನ ಆ ಬಾಣಂತಿ ಬಂದು, ಮಾತು ತಿಳಿಯದ ಕಾರಣ ಸುಮ್ಮನೆ ನಕ್ಕು, ಎರಡು ಕುಂಟು ಬಾತುಗಳನ್ನು ಅವಳ ಉಡಿಗೆ ಹಾಕಿ ಹೋದಳು. ಒಂದು ಹೆಣ್ಣು, ಒಂದು ಗಂಡು. ನಡೆಯಲಾರದ ಬಾತು ಹಿಂಡು ಹೊಡೆಯುವವರಿಗೆ ಭಾರವಿರಬಹುದು. ಅನ್ನವ್ವನಿಗೆ ಮಾತ್ರ ಅದು ದುರ್ಗವ್ವ ತಾಯಿ ತಾನೇ ಬಂದು ಉಡಿ ತುಂಬಿದ ಹಾಗಾಯಿತು.

ಅಲ್ಲಿಂದ ಮೂವತ್ತೆರಡು ವರ್ಷ. ಬಾತಿಗೆ ಕಾವು ಕೂಡುವ ತಾಳ್ಮೆ ಕಡಿಮೆ, ಅದರ ಮೊಟ್ಟೆಯನ್ನು ಕೋಳಿಯ ಕೆಳಗಿಟ್ಟು ಮರಿ ಮಾಡಿಸಬೇಕು. ಹಾಗೆ ಕೋಳಿಯ ರೆಕ್ಕೆಯ ಕೆಳಗೆ ಬೆಳೆದ ವಂಶ ಇವಳದು. ಮೊದಲ ಹೆಣ್ಣು ಬಾತಿಗೆ 'ಕುಂಟಿ' ಎಂದು ಹೆಸರಿಟ್ಟಿದ್ದಳು. ಅದು ಸತ್ತ ಮೇಲೆ ಹಿಂಡಿನ ಮುಂದೆ ನಡೆಯುವ ಹೆಣ್ಣಿಗೆಲ್ಲ ಅದೇ ಹೆಸರು. ಈಗಿನ ಕುಂಟಿಯ ಕಾಲು ನೆಟ್ಟಗಿತ್ತು, ಆದರೂ ಕುಂಟಿಯೇ.

ಬಾತಿನ ಮೊಟ್ಟೆ ವಾಸನೆ ಬರುತ್ತದೆಂದು ಊರಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೂಗು ಮುಚ್ಚಿಕೊಂಡವರೇ ಹಿತ್ತಲ ಬಾಗಿಲಿಗೆ ಬಂದು, "ಔಷಧಕ್ಕ ಬೇಕಾಗಿತ್ತು" ಎನ್ನುತ್ತಿದ್ದರು. ಒಬ್ಬರಿಗೆ ದಮ್ಮು, ಒಬ್ಬರಿಗೆ ಮಗುವಿನ ಸೊರಗು. ಕರಬಸಪ್ಪ ಗೌಡರಿಗೆ ಮೂಲವ್ಯಾಧಿ. ಅವರ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿ ಕೂಡ ಹೆಚ್ಚುವುದಿಲ್ಲ, ಅದನ್ನು ಅವರೇ ಊರಿಗೆಲ್ಲ ಹೇಳುತ್ತಾರೆ. ಮಂಗಳವಾರ ಮಾತ್ರ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬೇಲಿ ಸುತ್ತಿ ಬರುತ್ತಾರೆ. ನಾಲ್ಕು ಮೊಟ್ಟೆ ಟವೆಲ್ಲಿನೊಳಗೆ ಹೋಗುತ್ತವೆ. ಹನ್ನೆರಡು ವರ್ಷದಿಂದ ಇದು ನಡೆದಿತ್ತು. ಅನ್ನವ್ವ ಈ ಮಾತನ್ನು ಸೊಸೆಗೂ ಬಾಯಿಬಿಟ್ಟು ಹೇಳಿರಲಿಲ್ಲ. ಜಯಾ ತಾನಾಗಿಯೇ ನೋಡಿದ್ದಳು, ಅದು ಬೇರೆ.

ಹೆಬ್ಬಾತುಗಳು ಬಂದು ವಾರವಾಗಿರಲಿಲ್ಲ. ಗೌಡರು ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಅನ್ನವ್ವನ ಬಾಗಿಲಿಗೆ ಬಂದರು. ಈ ಸಲ ಮುಂಬಾಗಿಲಿಗೆ.

"ಅನ್ನವ್ವ, ಹಂಸಕ್ಕ ಯಾಕೋ ಆರಾಮಿಲ್ಲ ನೋಡು. ನಿನ್ನ ಕೈಗುಣ ಛಲೋ ಐತಿ ಅಂತಾರ."

ಅದು ನಿಜ. ಸುತ್ತಲ ಊರಿನ ಕೋಳಿ ಬಾತುಗಳಿಗೆಲ್ಲ ಅವಳೇ ವೈದ್ಯೆ. ಬೆಳ್ಳುಳ್ಳಿ, ಅರಿಶಿಣ, ಅಜವಾನ ಅರೆದು ಉಂಡೆ ಮಾಡಿ ನುಂಗಿಸುತ್ತಿದ್ದಳು. ಕೆಲವು ಬದುಕುತ್ತಿದ್ದವು. ಬದುಕಿದ್ದು ಅವಳ ಕೈಗುಣ, ಸತ್ತಿದ್ದು ಅದರ ಹಣೆಬರಹ ಎಂದು ಎಲ್ಲರೂ ಒಪ್ಪಿದ್ದರು, ಅವಳೂ ಒಪ್ಪಿದ್ದಳು.

ಹೆಬ್ಬಾತಿನ ರೆಪ್ಪೆಗಳು ಅಂಟಿಕೊಂಡಿದ್ದವು. ಬಿಸಿಲಿಗೆ ಹಿಡಿದರೆ ತಲೆಯನ್ನು ರೆಕ್ಕೆಯೊಳಗೆ ತುರುಕುತ್ತಿತ್ತು. ಮೂಗಿನಿಂದ ನೀರು, ಹಿಂದಿನಿಂದ ಹಸಿರು ನೀರು. ಬಟ್ಟಲಿಟ್ಟರೆ ಕುಡಿದೇ ಕುಡಿಯಿತು. ಇಂಥದ್ದನ್ನು ಅವಳು ಹಿಂದೆ ನೋಡಿರಲಿಲ್ಲ. ನೋಡಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಗೌಡರು ಮುಂಬಾಗಿಲಿಗೆ ಬಂದಿದ್ದರು, ಓಣಿಯ ನಾಲ್ಕು ಹೆಂಗಸರು ನೋಡುತ್ತಿದ್ದರು.

"ಬಿಟ್ಟು ಹೋಗ್ರಿ, ಎರಡು ದಿನದಾಗ ಎಬ್ಬಿಸಿ ನಿಲ್ಲಸ್ತೇನಿ" ಎಂದಳು. ತನ್ನ ಬಾತುಗಳ ಗೂಡಿನೊಳಗೇ ಅದಕ್ಕೊಂದು ಮೂಲೆ ಮಾಡಿಕೊಟ್ಟಳು.

ಎರಡನೆಯ ದಿನ ಬೆಳಿಗ್ಗೆ ಅದು ಕಾಲು ಚಾಚಿ ಬಿದ್ದಿತ್ತು.

ಗೌಡರು ಬಂದು ನೋಡಿ, "ಏನ ತಿನ್ನಿಸಿದಿ ಅದಕ್ಕ?" ಎಂದು ಕೇಳಿದರು. ಓಣಿಗೆಲ್ಲ ಕೇಳುವಂತೆ ಕೇಳಿದರು.

ಆರನೆಯ ದಿನ ಅನ್ನವ್ವನ ಮೊದಲ ಬಾತು ಸತ್ತಿತು. ಹಿಂಡಿನಲ್ಲೇ ಕೊಬ್ಬಿದ, ಹಿಂದಿನ ದಿನವಷ್ಟೇ ಮೊಟ್ಟೆಯಿಟ್ಟ ಬಾತು. ಮರುದಿನ ನಾಲ್ಕು. ಅದರ ಮರುದಿನ ಒಂಬತ್ತು. ಉಳಿದವು ರೆಕ್ಕೆಯನ್ನು ಊರುಗೋಲಿನಂತೆ ನೆಲಕ್ಕೆ ಊರಿ, ನೀರಿನ ತೊಟ್ಟಿಯ ಸುತ್ತ ತೆವಳುತ್ತಿದ್ದವು. ಬೆಳ್ಳುಳ್ಳಿ ಉಂಡೆ ನುಂಗಿಸಿದಳು. ನುಂಗಿದ್ದೂ ಸತ್ತಿತು, ಉಗುಳಿದ್ದೂ ಸತ್ತಿತು.

ಊರಿನಲ್ಲಿ ಬಾತು ಸಾಕಿದ ಆರೇಳು ಮನೆಗಳಲ್ಲೂ ಇದೇ ಕಥೆ. ಗೌಡರ ಹೆಬ್ಬಾತುಗಳಲ್ಲಿ ಇನ್ನೆರಡು ಕೆರೆಯಲ್ಲೇ ತೇಲಿದವು. ಜನ ಏನು ಮಾಡಿದರು? ಸತ್ತವುಗಳನ್ನು ಕಾಲು ಹಿಡಿದು ಬೀಸಿ ಕೆರೆಗೇ ಎಸೆದರು. ಗುಂಡಿ ತೋಡಲು ಗುದ್ದಲಿ ಬೇಕು, ಗುದ್ದಲಿ ಎತ್ತಲು ರಟ್ಟೆ ಬೇಕು. ಕೆರೆ ಯಾರ ಮನೆಯದೂ ಅಲ್ಲವಲ್ಲ! ನಾಯಿಗಳು ಅವನ್ನು ಎಳೆದು ತಂದು ಓಣಿ ಓಣಿಗೆ ಹಂಚಿದವು. ನಾಯಿಗಳಿಗಾದರೂ ಹಂಚಿ ತಿನ್ನುವ ಬುದ್ಧಿಯಿತ್ತು.

ಹಾನಗಲ್ಲಿನ ದನದ ದವಾಖಾನೆಗೆ ಫೋನು ಮಾಡಿದವಳು ಜಯಾ. ಅತ್ತೆಯನ್ನು ಕೇಳಲಿಲ್ಲ, ಕೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿತ್ತು. ಸ್ಕೂಟರಿನ ಮೇಲೆ ಡಾಕ್ಟರು ಬಂದಾಗ ಅನ್ನವ್ವ ಮೇಲಿಂದ ಕೆಳಗೆ ನೋಡಿದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಹೆಸರು ಶಬನಮ, ಸವಣೂರಿನವಳು.

"ಈಕಿ ಬಾತು ನೋಡ್ಯಾಳೋ, ಬರೇ ಪುಸ್ತಕದಾಗ ಚಿತ್ರ ನೋಡ್ಯಾಳೋ" ಎಂದು ಗೊಣಗಿದ್ದು ಡಾಕ್ಟರಿಗೂ ಕೇಳಿಸಿತು.

ಶಬನಮ ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಕಾಲಿಗೆ ಪ್ಲಾಸ್ಟಿಕ್ಕು ಕಟ್ಟಿಕೊಂಡು ಒಳಗೆ ಬಂದಳು. ಬದುಕಿದ್ದ ಎರಡನ್ನು ಎತ್ತಿ ಕಣ್ಣು, ಬಾಯಿ, ಹಿಂಭಾಗ ನೋಡಿದಳು. ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಬೇಕು, ಸತ್ತದ್ದನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು, ಅಡುಗೆ ಮಾಡಬಾರದು ಎಂದಳು. ಆಮೇಲೆ ಕೇಳಿದಳು.

"ಅನ್ನವ್ವಾರ, ಹೊರಗಿನ ಬಾತು ಯಾವುದರ ನಿಮ್ಮ ಗೂಡಿನೊಳಗ ಬಂದಿತ್ತೇನ್ರಿ?"

ಜಯಾ ನೆಲ ನೋಡಿದಳು. ಅನ್ನವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಎಲ್ಲರನ್ನೂ ಹಳಿದು ಬದುಕಿದ ಹೆಂಗಸು, ತನ್ನನ್ನು ಹಳಿದುಕೊಳ್ಳುವ ಅಭ್ಯಾಸವಿರಲಿಲ್ಲ.

"ಬಂದಿತ್ರಿ. ಗೌಡ್ರ ಬಾತು. ನಾನಽ ಒಳಗ ಬಿಟ್ಟೆ."

"ಗೂಡು ಬ್ಯಾರೆ ಮಾಡಿರಲಿಲ್ಲ?"

"ಇಲ್ರಿ. ಸೊಕ್ಕು" ಎಂದಳು ಅನ್ನವ್ವ.

ಡಾಕ್ಟರು ಆಗ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಸತ್ತ ಎರಡು ಬಾತುಗಳನ್ನು ಚೀಲದಲ್ಲಿ ಕಟ್ಟಿ ಐಸಿನ ಡಬ್ಬಿಯಲ್ಲಿಟ್ಟುಕೊಂಡು, ಹಕ್ಕಿಜ್ವರವೂ ಇರಬಹುದು, ಪರೀಕ್ಷೆಯಾಗುವವರೆಗೆ ಯಾವ ಹಕ್ಕಿಯೂ ಈ ಹಿತ್ತಲಿನಿಂದ ಹೊರಗೆ ಹೋಗಬಾರದು ಎಂದು ಹೇಳಿ ಹೋದಳು.

ನಾಲ್ಕು ದಿನಕ್ಕೆ ತಿರುಗಿ ಬಂದಳು. "ಹಕ್ಕಿಜ್ವರ ಅಲ್ರಿ. ಬಾತಿನ ಪ್ಲೇಗು. ಮನುಷ್ಯಾರಿಗೆ ಹತ್ತೂದಿಲ್ಲ, ಕೋಳಿಗೂ ಹತ್ತೂದಿಲ್ಲ. ಬಾತು, ಹೆಬ್ಬಾತು ಇವನ್ನ ಬಿಡೂದಿಲ್ಲ." ಫೋನಿನಲ್ಲಿ ಒಂದು ಫೋಟೋ ತೋರಿಸಿದಳು, ಕೊಯ್ದು ಇಟ್ಟ ಬಾತಿನ ಗುಂಡಿಗೆ. ಅದರ ಮೇಲೆಲ್ಲ ಯಾರೋ ಕುಂಕುಮ ಚಿಮುಕಿಸಿದ ಹಾಗೆ ರಕ್ತದ ಚುಕ್ಕೆಗಳು. ಅನ್ನವ್ವ ಕೈ ಎತ್ತಿ ಮುಗಿಯಹೋಗಿ, ನಡುವೆಯೇ ಕೈ ಇಳಿಸಿದಳು. ಕುಂಕುಮದಂತೆ ಕಂಡದ್ದೆಲ್ಲ ಕುಂಕುಮವಲ್ಲ.

ಅಷ್ಟು ಹೊತ್ತಿಗೆ ಮೂವತ್ತೆರಡು ಬಾತುಗಳಲ್ಲಿ ಇಪ್ಪತ್ತೈದು ಮಣ್ಣಿನ ಕೆಳಗಿದ್ದವು. ಸೊಂಟ ಆಳದ ಗುಂಡಿ, ಸುಣ್ಣ, ಮೇಲೆ ಮುಳ್ಳು. ಅತ್ತೆ ಸೊಸೆ ಇಬ್ಬರೇ ತೋಡಿದ್ದರು. ಉಳಿದದ್ದು ಏಳು: ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ಹದಿನೈದು ದಿನದಿಂದ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕಟ್ಟಿದ್ದ ಕುಂಟಿ, ಹದ್ದಿನ ಭಯಕ್ಕೆ ಅಲ್ಲೇ ಬೆಳೆಸುತ್ತಿದ್ದ ಆರು ಎಳೆಯ ಬಾತುಗಳು. ಆರರಲ್ಲಿ ಗಂಡು ಒಂದೇ. ಬಾಣಂತಿ ಉಡಿಗೆ ಹಾಕಿ ಹೋದ ವಂಶದಲ್ಲಿ ಭೂಮಿಯ ಮೇಲೆ ಉಳಿದದ್ದು ಇಷ್ಟು. ಈ ಏಳು ಹೋದರೆ ಅನ್ನವ್ವ ಯಾರೂ ಅಲ್ಲ.

"ಇವನ್ನ ಉಳಿಸಿ ಕೊಡ್ರಿ ಬಾಯಾರ. ಏನ ಹೇಳ್ತೀರಿ ಅದನ್ನ ಮಾಡ್ತೇನಿ."

"ಉಳಿಸಾವರು ನೀವಽ. ಕೆರಿ ನೀರು ಒಂದು ಹನಿ ಒಳಗ ಬರಬಾರದು, ಬೋರಿನ ನೀರಽ ಹಾಕ್ರಿ. ಬಾಗಲದಾಗ ಸುಣ್ಣದ ನೀರು ಇಡ್ರಿ. ಒಳಗ ಬರಾವರು ಯಾರಽ ಇರಲಿ, ಎರಡೂ ಕಾಲು ಅದ್ದಿ ಬರಬೇಕು. ಯಾರಽ ಇರಲಿ ಅಂದೆ."

"ದುರಗವ್ವ ಬಂದ್ರ?"

"ಆಕಿ ತಿಳುವಳಿಕಿ ಇದ್ದಾಕಿ, ತಾನಽ ಅದ್ದತಾಳ."

ಅನ್ನವ್ವನಿಗೆ ಆ ಹುಡುಗಿ ಅಂದು ಹಿಡಿಸಿದಳು. ಗಾರೆ ಹೊರುವ ಕಬ್ಬಿಣದ ಬುಟ್ಟಿಯೊಂದು ಸುಣ್ಣದ ನೀರು ತುಂಬಿಕೊಂಡು ಬಾಗಿಲಿಗೆ ಬಂದು ಕುಳಿತಿತು.

ಲಸಿಕೆ ಇಲ್ಲಿ ಸಿಗುತ್ತಿರಲಿಲ್ಲ. ಶಬನಮ ಎಲ್ಲೆಲ್ಲೋ ಫೋನು ಹಚ್ಚಿ ಹೊರರಾಜ್ಯದಿಂದ ಒಂದು ಸೀಸೆ ತರಿಸಿದಳು. ಒಂದು ಸೀಸೆಯಲ್ಲಿ ನೂರು ಬಾತಿಗಾಗುವಷ್ಟು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಊರಿನಲ್ಲಿ ಹೇಗೂ ಅರವತ್ತು ಎಪ್ಪತ್ತು ಬಾತು ಉಳಿದಿವೆ, ಆರಾಮಿದ್ದವಕ್ಕೆಲ್ಲ ಹಾಕಬಹುದು ಎಂದು ಲೆಕ್ಕ ಹಾಕಿಕೊಂಡು ಆಕೆ ಮನೆಮನೆಗೆ ಹೋದಳು. ಒಬ್ಬರು, ತಾಯಿ ಸಿಟ್ಟಾಗುತ್ತಾಳೆ ಎಂದರು. ಒಬ್ಬರು, ಯಜಮಾನರು ಊರಲ್ಲಿಲ್ಲ ಎಂದರು. ಯಜಮಾನ ಒಳಗೆ ಕೆಮ್ಮುತ್ತಿದ್ದ. ಗೌಡರ ಮನೆಯಲ್ಲಿ ಒಂದು ಹೆಬ್ಬಾತು ಉಳಿದಿತ್ತು. ಅದಾಗಲೇ ಮಂಕಾಗಿದೆ, ಬೇರೆ ಕಟ್ಟಿ ಎಂದು ಶಬನಮ ಹೇಳಿದರೆ ಗೌಡರು ನಕ್ಕರು. "ಬಾಯಾರ, ಹಂಸ ಅಂದ್ರ ಸರಸ್ವತಿ ವಾಹನ. ಅದನ್ನ ಗೂಟಕ್ಕ ಕಟ್ಟಬೇಕೇನು?"

ಕೊನೆಗೆ ಅನ್ನವ್ವನ ಏಳಕ್ಕೂ, ಕೆಳಗಿನ ಓಣಿಯ ಖಾದರಸಾಬನ ನಾಲ್ಕಕ್ಕೂ ಸೂಜಿಯಾಯಿತು. ಹನ್ನೊಂದು. ಉಳಿದ ಎಂಬತ್ತೊಂಬತ್ತು ಬಾತಿನ ಪ್ರಾಣ ಸುಣ್ಣದ ಗುಂಡಿಗೆ ಸುರಿದು ಹೋಯಿತು. ಖಾದರಸಾಬ ಸೀಸೆ ಖಾಲಿಯಾಗುವುದನ್ನು ನೋಡುತ್ತ ನಿಂತು, "ಪುಕ್ಕಟೆ ಅಂದ್ರ ವಿಷಾನೂ ಬಿಡದ ಮಂದಿ, ಔಷಧ ಬ್ಯಾಡ ಅಂದ್ರು ನೋಡ್ರಿ" ಎಂದ.

ಇತ್ತ ದುರ್ಗವ್ವನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ರೋಗ ಬಂದಾಗ ತಾಯಿಯ ಮುನಿಸನ್ನು ಒಂದು ಜೀವದ ಮೇಲೆ ಇಳಿಸಿ, ಅರಿಶಿಣ ಕುಂಕುಮ ಹಚ್ಚಿ, ಹಲಗೆವಾದ್ಯ ಬಡಿದು ಊರ ಸೀಮೆ ದಾಟಿಸುವುದು ಈ ಕಡೆಯ ಹಳೆಯ ರೂಢಿ. ದಾಟಿದ ಜೀವದ ಜೊತೆ ರೋಗವೂ ಹೋಗುತ್ತದೆಂಬ ನಂಬಿಕೆ. ಬಾತಿಗೆ ಬಂದ ರೋಗಕ್ಕೆ ಬಾತನ್ನೇ ದಾಟಿಸಬೇಕು ಎಂದು ಪೂಜಾರಿ ಹೇಳಿದ. ಅದು ಊನವಿಲ್ಲದ್ದಾಗಿರಬೇಕು. ರೋಗ ಎಲ್ಲಿ ಮೊದಲು ಕಾಣಿಸಿತೋ ಆ ಮನೆಯದ್ದಾಗಿರಬೇಕು. ಇದನ್ನು ಮಾತ್ರ ಪೂಜಾರಿ ಹೇಳಲಿಲ್ಲ, ಗೌಡರು ಹೇಳಿದರು.

ಮಂಗಳವಾರ ಬೆಳಿಗ್ಗೆ ಹಲಗೆಯವರನ್ನು ಮುಂದಿಟ್ಟುಕೊಂಡು ಹದಿನೈದು ಗಂಡಸರು ಅನ್ನವ್ವನ ಬಾಗಿಲಿಗೆ ಬಂದರು. ಏಳು ಬಾತಿನ ಒಬ್ಬ ಹೆಂಗಸಿಗೆ ಹದಿನೈದು ಗಂಡಸರು. ಮುಂದೆ ಗೌಡರು, ಹೊಸ ಕೊಲ್ಹಾಪುರಿ ಚಪ್ಪಲಿ ಕಿರ್ರೆನ್ನಿಸುತ್ತ.

"ಅನ್ನವ್ವ, ಒಂದು ಬಾತು ತಗಿ. ಊನ ಇರಬಾರದು."

"ಯಾವ ಊನ ಗೌಡ್ರ? ಬಾತಿಂದೋ, ಊರಿಂದೋ?"

"ಮಾತು ಬ್ಯಾಡ. ಇದು ಶುರು ಆಗಿದ್ದು ನಿನ್ನ ಹಿತ್ತಲದಾಗ. ಊರಿಗೆಲ್ಲ ಗೊತ್ತೈತಿ."

ಹನ್ನೆರಡು ವರ್ಷದ ಟವೆಲ್ಲಿನ ಮಾತು ಅನ್ನವ್ವನ ನಾಲಿಗೆಯ ತುದಿಗೆ ಬಂದು ನಿಂತಿತು. ಹದಿನೈದು ಜನರೆದುರು ಒಂದೇ ಒಂದು ಮಾತು ಸಾಕಿತ್ತು. ಜಯಾ ಬಾಗಿಲ ಮರೆಯಿಂದ ಅತ್ತೆಯ ಬಾಯನ್ನೇ ನೋಡುತ್ತಿದ್ದಳು. ಅನ್ನವ್ವ ಅದನ್ನು ನುಂಗಿದಳು. ಬೇನೆಯೆಂದು ಬಂದವನ ಗುಟ್ಟು ದೇವರ ಹುಂಡಿಯಲ್ಲಿ ಹಾಕಿದ ಹಾಗೆ, ತಿರುಗಿ ತೆಗೆಯಬಾರದು.

"ಹೌದ್ರಿ, ನನ್ನ ಹಿತ್ತಲದಾಗಽ ಸಾವು ಶುರು ಆತು. ನಿಮ್ಮ ಹಂಸಾನ್ನ ಒಳಗ ಬಿಟ್ಟುಕೊಂಡಿದ್ದು ನನ್ನ ತಪ್ಪು, ಒಪ್ಪಿಕೊಂಡೆ. ಇಪ್ಪತ್ತೈದು ಹೆಣ ಹೂತೇನಿ ಅದಕ್ಕ. ಇನ್ನ ಏಳು ಅದಾವ. ಒಂದು ಪುಕ್ಕಾನೂ ಕೊಡೂದಿಲ್ಲ."

ಪೂಜಾರಿ ಮುಂದೆ ಬಂದ. "ಹಂಗ ಅನಬ್ಯಾಡ ತಂಗಿ. ಕೇಳಾಕತ್ತಾಕಿ ತಾಯಿ, ನಾವಲ್ಲ."

"ಮೂವತ್ತಾರು ವರ್ಷ ಆತು, ಒಂದು ಮಂಗಳವಾರ ಆಕಿ ದೀಪ ತಪ್ಪಿಸಿಲ್ಲ. ಬೇಕಾದ್ರ ನನ್ನ ಕೇಳ್ತಾಳ. ನಿಮ್ಮ ಕೈಯಾಗ ಚೀಟಿ ಯಾಕ ಕೊಟ್ಟು ಕಳಸ್ತಾಳ? ನೀವು ಹೊಲಸು ಮಾಡಿದ್ದನ್ನ ತಾಯಿ ಹೆಸರಿಲೆ ಮಂದಿ ಮನಿಗೆ ದಬ್ಬಾಕ ಹೊಂಟೀರಿ. ಆಕಿ ತಲಿಮ್ಯಾಲ ಹೇಸಿಗಿ ಹೊರಿಸಬ್ಯಾಡ್ರಿ."

"ಹಂಗಾದ್ರ ಕೇಳು" ಎಂದು ಗೌಡರು ದನಿ ಏರಿಸಿದರು. "ನಾಳಿಂದ ನಿನ್ನ ಬಾತು ಕೆರಿಗೆ ಇಳಿಸುವಂಗಿಲ್ಲ. ಕೆರಿ ಬಂದ್!"

ಒಳಗಿನಿಂದ ಜಯಾ ಕಿಸಕ್ಕನೆ ನಕ್ಕಳು. ಅನ್ನವ್ವ ಕೈ ಮುಗಿದಳು. "ಭಾಳ ಉಪಕಾರ ಆತ್ರಿ. ಡಾಕ್ಟರ್ ಬಾಯಾರು ಅದನ್ನಽ ಹೇಳಿ ಹತ್ತು ದಿನ ಆತು. ಆಕಿ ಹೇಳಿದ್ದು ಖರೆ ಅಂತ ಈಗ ಗ್ಯಾರಂಟಿ ಆತು ನೋಡ್ರಿ."

ಹಲಗೆಯವನೊಬ್ಬ ನಕ್ಕುಬಿಟ್ಟ. ಗೌಡರ ಮುಖ ಕೆಂಪಾಯಿತು. ತಾವೇ ಒಳಗೆ ನುಗ್ಗಿ ಹಿಡಿದು ತರುತ್ತೇನೆಂದು ಹೆಜ್ಜೆ ಮುಂದಿಟ್ಟರು. ಅನ್ನವ್ವ ಅಡ್ಡ ನಿಲ್ಲಲಿಲ್ಲ. ಕಾಲಿನಿಂದ ಸುಣ್ಣದ ನೀರಿನ ಬುಟ್ಟಿಯನ್ನು ಹೊಸ್ತಿಲ ನಡುವೆ ತಳ್ಳಿದಳು.

"ಬರ್ರಿ. ಒಳಗ ಬರಾವರು ಎರಡೂ ಕಾಲು ಅದ್ದಿ ಬರಬೇಕು."

ಬುಟ್ಟಿ ಬಾಗಿಲಷ್ಟೇ ಅಗಲವಿತ್ತು, ದಾಟಲು ಬೇರೆ ದಾರಿಯಿರಲಿಲ್ಲ. ಗೌಡರು ಸುಣ್ಣದ ನೀರು ನೋಡಿದರು. ಚಪ್ಪಲಿ ನೋಡಿದರು. ಹೊಸ ತೊಗಲು, ಮೇಲೆ ಜರಿಯ ಗೊಂಡೆ. ಬಿಚ್ಚಿ ಬರಿಗಾಲಲ್ಲಿ ಅಂಬಿಗೇರ ಹೆಂಗಸಿನ ಬುಟ್ಟಿಯಲ್ಲಿ ನಿಲ್ಲುವುದು ಮರ್ಯಾದೆಯಲ್ಲ. ಹಾಕಿಕೊಂಡೇ ಇಳಿದರೆ ಚಪ್ಪಲಿ ಉಳಿಯುವುದಿಲ್ಲ. ಊರಿನ ಗೌಡಿಕೆ ಸ್ವಲ್ಪ ಹೊತ್ತು ಒಂದು ಜೊತೆ ಚಪ್ಪಲಿಯೊಳಗೆ ಸಿಕ್ಕಿಬಿದ್ದು ಒದ್ದಾಡಿತು. ಆಮೇಲೆ ಹಿಂದಕ್ಕೆ ಸರಿಯಿತು.

"ಇಂಥಾ ಮೈಲಿಗಿ ಮನಿದು ತಾಯಿಗೆ ನಡೆಯೂದಿಲ್ಲ. ನಮ್ಮ ಹಂಸಾನಽ ಕೊಡ್ತೇನಿ" ಎಂದರು ಗೌಡರು. ತ್ಯಾಗ ಮಾಡಿದವರಂತೆ ಎದೆ ಉಬ್ಬಿಸಿ ಎಲ್ಲರ ಮುಖ ನೋಡಿದರು.

ಉಳಿದಿದ್ದ ಒಂದೇ ಹೆಬ್ಬಾತನ್ನು ತಂದರು. ಅದಕ್ಕೆ ನಿಲ್ಲುವ ಶಕ್ತಿಯಿರಲಿಲ್ಲ, ಕಣ್ಣು ಅಂಟಿಕೊಂಡಿತ್ತು. ಹೊಸ ಮೊರದಲ್ಲಿ ಬೇವಿನ ಸೊಪ್ಪು ಹಾಸಿ ಕೂರಿಸಿ, ಹಸಿರು ಕುಪ್ಪಸದ ಕಣ ಸುತ್ತಿ, ಹಣೆ ಎಲ್ಲಿದೆಯೆಂದು ಹುಡುಕಿ ಕುಂಕುಮ ಹಚ್ಚಿದರು. ಊನವಿಲ್ಲದ್ದು ಬೇಕೆಂದವನು ಪೂಜಾರಿಯೇ, ಗೌಡರ ಬಾತು ಎಂದ ಮೇಲೆ ಅವನ ಕಣ್ಣಿಗೆ ಊನ ಕಾಣಲಿಲ್ಲ.

"ಕಣ್ಣು ಮುಚ್ಚೇತಲ್ಲೋ" ಎಂದು ಒಬ್ಬ ಅನುಮಾನಪಟ್ಟ.

"ಧ್ಯಾನಕ್ಕ ಕುಂತೈತಿ" ಎಂದ ಪೂಜಾರಿ.

ಹದಿನೈದು ಗಂಡಸರೂ ಕೈ ಮುಗಿದರು. ಮೂರು ಸಲ ಊರು ಸುತ್ತಿಸಿ, ಸೀಮೆಯ ಕಲ್ಲಿನ ಬಳಿ ಹಳ್ಳದ ನೀರಿಗೆ ಮೊರ ಸಮೇತ ತೇಲಿಬಿಟ್ಟು, ಹಿಂದಿರುಗಿ ನೋಡದೆ ಬಂದು ಸ್ನಾನ ಮಾಡಿ ಹೋಳಿಗೆ ಉಂಡರು. ಧ್ಯಾನಕ್ಕೆ ಕುಳಿತ ಹೆಬ್ಬಾತು ತೇಲುತ್ತ ತೇಲುತ್ತ ನೆಟ್ಟಗೆ ಕೆಳಗಿನಕೊಪ್ಪದ ಕೆರೆಗೆ ಹೋಯಿತು.

ಅವರ ನಂಬಿಕೆ ಸುಳ್ಳೆನ್ನುವಂತಿಲ್ಲ. ರೋಗ ನಿಜವಾಗಿಯೂ ಸೀಮೆ ದಾಟಿತು. ಮೇಲಿನಕೊಪ್ಪದಲ್ಲಿ ಸಾಯಲು ಬಾತುಗಳೇ ಉಳಿಯದ ಕಾರಣ ಸಾವು ನಿಂತಿತು, ಅದನ್ನೂ ಪವಾಡದ ಲೆಕ್ಕಕ್ಕೆ ಬರೆದುಕೊಂಡರು. ಸಂತೋಷಕ್ಕೆ ಗೌಡರು ಮತ್ತೆ ನಾಲ್ಕು ಹೆಬ್ಬಾತು ತರಿಸಿದರು. ಮೊದಲಿನವಕ್ಕಿಂತ ಬೆಳ್ಳಗೆ. ಶಬನಮ ಸುದ್ದಿ ಕೇಳಿ ಬಂದು, ಕೆರೆಗೆ ಬಿಡಬೇಡಿ, ನೀರಿನಲ್ಲಿ ಇನ್ನೂ ರೋಗವಿದೆ ಎಂದಳು. "ಸೀಮಿ ದಾಟಿಸೇವ್ರಿ, ಇನ್ನೆಲ್ಲಿ ರೋಗ?" ಎಂದು ಗೌಡರು ಅವಳಿಗೆ ಚಹಾ ಕುಡಿಸಿ ಕಳಿಸಿದರು.

ಆದರೆ ಕೆಳಗಿನಕೊಪ್ಪದಲ್ಲೂ ದುರ್ಗವ್ವನ ಗುಡಿಯಿತ್ತು. ಅಲ್ಲಿಯೂ ಕಟ್ಟೆಯಿತ್ತು, ಕಟ್ಟೆಯ ಮೇಲೆ ಕೂಡುವ ಇಂಥವೇ ಹಿರಿಯರಿದ್ದರು. ಎರಡು ವಾರ ಕಳೆದ ಮೇಲೆ ಒಂದು ಮುಂಜಾನೆ ಮೇಲಿನಕೊಪ್ಪದವರಿಗೆ ಸೀಮೆಯ ಆಚೆ ಹಲಗೆ ಕೇಳಿಸಿತು. ಹೋಗಿ ನೋಡಿದರೆ ಕಲ್ಲಿನ ಈಚೆ ಒಂದು ಬುಟ್ಟಿ. ಒಳಗೆ ಬೇವಿನ ಸೊಪ್ಪಿನ ಮೇಲೆ, ಹಸಿರು ಕಣ ಸುತ್ತಿಕೊಂಡು, ಎರಡು ಬಾತುಗಳು ಧ್ಯಾನಕ್ಕೆ ಕುಳಿತಿದ್ದವು.

ಗೌಡರಿಗೆ ಬಂದ ಸಿಟ್ಟು ನೋಡಬೇಕಿತ್ತು. "ತಮ್ಮೂರ ಮಾರಿ ತಂದು ನಮ್ಮೂರಿಗೆ ಹಚ್ಚತಾರಂದ್ರ ಇವರೇನು ಮನುಷ್ಯಾರೋ, ದನಗಳೋ!" ಎಂದು ಕಟ್ಟೆಯ ಮೇಲೆ ನಿಂತು ಕೂಗಿದರು. ಎಲ್ಲರೂ ಗೋಣು ಹಾಕಿದರು. ಒಬ್ಬನಿಗಾದರೂ ನಗು ಬರಲಿಲ್ಲ. ಸುದ್ದಿ ತಂದ ಜಯಾಳಿಗೆ ಅನ್ನವ್ವ ಹೇಳಿದ್ದು ಇಷ್ಟೇ: "ಬೀಗರ ಊರಲ್ಲ? ಉಡುಗೊರಿ ತಿರುಗಿ ಕೊಟ್ಟಾರ."

ಗೌಡರಿಗೆ ತೋರಿಸಲು ಕೆರೆಯ ದಂಡೆಗೆ ತಂದಿಟ್ಟಿದ್ದ ಬುಟ್ಟಿಯನ್ನು ಯಾರೋ ಒದ್ದರು, ಅದು ಉರುಳಿ ಬಾತುಗಳು ಕೆರೆಗೆ ಬಿದ್ದವು. ಅವು ಬೀಳದಿದ್ದರೂ ಏನಂತೆ, ಕೆರೆ ಹೇಗಿತ್ತೋ ಹಾಗೆಯೇ ಇತ್ತು. ಗೌಡರ ಹೊಸ ನಾಲ್ಕೂ ಒಂದೇ ವಾರದಲ್ಲಿ ಹೋದವು.

ಮೂರು ತಿಂಗಳು ಅನ್ನವ್ವ ಊರಿನ ಮದುವೆ ಮುಂಜಿವೆಗೆ ಹೋಗಲಿಲ್ಲ. ಕರೆದವರೂ ಕಡಿಮೆ. ದಿನಕ್ಕೆ ಎರಡು ಸಲ ಬೋರಿನ ನೀರು ಹೊತ್ತಳು. ಒಡೆದ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಕೊಯ್ಯಿಸಿ, ಅದರಲ್ಲಿ ಏಳನ್ನೂ ಪಾಳಿಯ ಮೇಲೆ ಈಜಾಡಿಸಿದಳು. ಬೆಳಗಾದರೆ ಮೊದಲ ಕೆಲಸ ಕೋಣೆಯ ಬಾಗಿಲಲ್ಲಿ ನಿಂತು ಎಣಿಸುವುದು. ಒಂದು, ಎರಡು, ಮೂರು... ಏಳು ಎನ್ನುವವರೆಗೆ ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ಆರೇ ಬಂತು. ಬಗ್ಗಿ ನೋಡಿದರೆ ಕುಂಟಿ ಮೂಲೆಯ ಹುಲ್ಲಿನಲ್ಲಿ ತಲೆ ಹುದುಗಿಸಿಕೊಂಡು ಬಿದ್ದಿತ್ತು. ಅನ್ನವ್ವ ಅಲ್ಲೇ ಕುಳಿತು, "ತಾಯಿ, ನನ್ನ ಸೊಕ್ಕಿಗೆ ಇದನ್ನ ಬಲಿ ತಗೋಬ್ಯಾಡ" ಎಂದಳು. ಕುಂಟಿ ಎದ್ದು, ಮೈ ಕೊಡವಿ, ಇವಳ ಮುಖ ನೋಡಿ ಬೈದ ಹಾಗೆ ಕ್ವಾಕ್ ಎಂದಿತು. ಹುಲ್ಲಿನಲ್ಲಿ ಬೆಳ್ಳಗಿನ ಮೊಟ್ಟೆಯಿತ್ತು, ರೋಗ ಬಂದ ಮೇಲಿನ ಮೊದಲನೆಯದು.

ಬೇಸಿಗೆ ಬಂತು. ಕೆರೆ ಬತ್ತಿ ನೆಲ ಬಿರಿಯಿತು. ಕಾವಿನ ಕೋಳಿಯ ಕೆಳಗೆ ಹನ್ನೊಂದು ಮರಿ ಒಡೆದವು. ಖಾದರಸಾಬನ ನಾಲ್ಕನ್ನು ಬಿಟ್ಟರೆ ಎರಡೂ ಕೊಪ್ಪಗಳಲ್ಲಿ ಬಾತಿನ ದನಿ ಇದ್ದದ್ದು ಈ ಹಿತ್ತಲಲ್ಲಿ ಮಾತ್ರ.

ಒಂದು ಮಂಗಳವಾರ, ಬಿಸಿಲು ಏರಿದ ಹೊತ್ತು, ಕರಬಸಪ್ಪ ಗೌಡರು ಬೇಲಿ ಸುತ್ತಿ ಬಂದರು. ಹೆಗಲ ಮೇಲೆ ಟವೆಲ್ಲಿತ್ತು. ನಡಿಗೆಯಲ್ಲಿ ಕಾಲು ಕಾಲಿಗೆ ದೂರವಿತ್ತು. ಔಷಧ ತಪ್ಪಿ ಬಹಳ ದಿನವಾಗಿತ್ತೆಂದು ಆ ನಡಿಗೆಯೇ ಹೇಳುತ್ತಿತ್ತು.

"ಔಷಧಕ್ಕ..." ಎಂದರು. ಅಷ್ಟಕ್ಕೇ ನಿಲ್ಲಿಸಿ ಇನ್ನೊಂದು ಮಾತನ್ನೂ ಹೊರತೆಗೆದರು. "ಹಂಗಽ ಒಂದು ಜೋಡಿ ಮರಿನೂ ಕೊಟ್ಟಿದ್ರ... ತೊಟ್ಟಿ ಖಾಲಿ ಕಾಣತೈತಿ."

"ಮರಿ ಇಲ್ರಿ. ಕೆರಿಗೆ ಸುಣ್ಣ ಬಿದ್ದು, ಒಂದು ಮಳಿಗಾಲ ಹೋಗಿ, ಡಾಕ್ಟರ್ ಬಾಯಾರು ಹೂಂ ಅಂದಮ್ಯಾಲ ಕೇಳ್ರಿ. ಔಷಧ ಅಂದವರಿಗೆ ಇಲ್ಲ ಅನ್ನೂದಿಲ್ಲ. ಒಳಗ ಬರ್ರಿ, ಬಿಸಿಲಾಗ ನಿಲ್ಲಬ್ಯಾಡ್ರಿ."

ಹಿತ್ತಲ ಬಾಗಿಲಿಗೂ ಒಂದು ಬುಟ್ಟಿಯಿತ್ತು. ಗೌಡರು ಹಿಂದೆ ಮುಂದೆ ನೋಡಿದರು. ಓಣಿಯಲ್ಲಿ ಯಾರೂ ಇರಲಿಲ್ಲ. ಬಗ್ಗಿ, ನರಳಿ, ಚಪ್ಪಲಿ ಬಿಚ್ಚಿ, ಧೋತರ ಎತ್ತಿ ಹಿಡಿದು ಒಂದು ಪಾದ ಸುಣ್ಣದ ನೀರಿನಲ್ಲಿಟ್ಟು, ಇನ್ನೊಂದನ್ನು ಮೇಲೆತ್ತಿಕೊಂಡು ದಾಟಲು ನೋಡಿದರು. ಒಂಟಿಕಾಲಲ್ಲಿ, ಕುತ್ತಿಗೆ ಮುಂದೆ ಚಾಚಿ.

"ಎರಡೂ ಕಾಲು, ಗೌಡ್ರ" ಎಂದಳು ಅನ್ನವ್ವ.

ಎರಡನೆಯದೂ ಇಳಿಯಿತು.

ಮೊಟ್ಟೆ ತರಲು ಕೋಣೆಗೆ ಹೋಗುವ ಮೊದಲು ಅನ್ನವ್ವ ಅಲ್ಲಿನ ಹೊಸ್ತಿಲಲ್ಲಿದ್ದ ಮೂರನೆಯ ಬುಟ್ಟಿಯಲ್ಲಿ ತಾನೂ ಇಳಿದು ನಿಂತಳು. ಜಯಾ ಮೆಲ್ಲಗೆ ಕೇಳಿದಳು. "ನೀವ್ಯಾಕ್ರಿ ಅತ್ತಿ? ಮುಂಜಾನಿಂದ ಒಳಗಽ ಇದ್ದೀರಲ್ಲ."

"ಮೊದಲನೇ ಸಲ ಬಾಗಲಾ ತಗದಾಕಿ ನಾನಽ ಅಲ್ಲೇನ" ಎಂದು ಅನ್ನವ್ವ ಸುಣ್ಣದ ಕಾಲಿನಲ್ಲೇ ಒಳಗೆ ಹೋಗಿ, ಎಣಿಸತೊಡಗಿದಳು.